ಮಗಳ ಒಂಟಿತನಕ್ಕೆ ಮೊಬೈಲು ಕಾರಣವೋ, ಮೊಬೈಲಿನ ಗೀಳಿಗೆ ಒಂಟಿತನ ಕಾರಣವೋ?

ಪ್ರಶ್ನೆ: ಒಂಬತ್ತನೇ ತರಗತಿಯ ಹುಡುಗಿಯ ತಾಯಿ, ಬೆಂಗಳೂರು

ನಮಸ್ಕಾರ. ಕಳೆದ ಜೂನ್‌ನಲ್ಲಿ ನಮ್ಮ ಯಜಮಾನರಿಗೆ ವರ್ಗವಾಗಿ ನಾವು ಹಾವೇರಿಯಿಂದ ಬೆಂಗಳೂರಿಗೆ ಬಂದೆವು. ಎಂಟನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗಳು ಇಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿದ್ದಾಳೆ. ಅಲ್ಲಿದ್ದಾಗ ಸಂಜೆಯಾದರೆ ಓಣಿಯ ಹುಡುಗಿಯರ ಜೊತೆ ಆಡಲು ಹೋದವಳು ಕರೆದರೂ ಒಳಗೆ ಬರುತ್ತಿರಲಿಲ್ಲ. ಇಲ್ಲಿ ಶಾಲೆಯಿಂದ ಬಂದವಳೇ ಪಾಟಿಚೀಲ ಇಟ್ಟು ಕೋಣೆ ಸೇರುತ್ತಾಳೆ, ಊಟಕ್ಕೆ ಕರೆಯುವವರೆಗೂ ಮೊಬೈಲು ನೋಡುತ್ತಿರುತ್ತಾಳೆ, ಊಟವಾದ ಮೇಲೆ ಮತ್ತೆ ಅದನ್ನೇ ಹಿಡಿಯುತ್ತಾಳೆ. ನಾನು ರಾತ್ರಿ ಎಚ್ಚರಾಗಿ ಎದ್ದಾಗಲೂ ಅವಳ ಕೋಣೆಯಲ್ಲಿ ಬೆಳಕು ಕಾಣಿಸಿದ್ದುಂಟು.

ಅವಳು ನೋಡುವುದರಲ್ಲಿ ಹೆಚ್ಚಿನದು ಹಾವೇರಿಯ ಗೆಳತಿಯರ ಸ್ಟೋರಿಗಳು ಮತ್ತು ರೀಲ್ಸ್. ಅವರೆಲ್ಲ ಸೇರಿ ಜಾತ್ರೆಗೆ ಹೋದದ್ದು, ಒಬ್ಬಳ ಹುಟ್ಟುಹಬ್ಬ ಮಾಡಿದ್ದು, ಇವಳಿಲ್ಲದೆ ನಡೆದ ಎಲ್ಲವೂ ಇವಳಿಗೆ ಕಾಣಿಸುತ್ತದೆ. ನೋಡಿದ ಮೇಲೆ ಸಪ್ಪಗಾಗುತ್ತಾಳೆ, ಆದರೂ ಬಿಡುವುದಿಲ್ಲ. ಇಲ್ಲಿನ ತರಗತಿಯಲ್ಲಿ ಯಾರ ಜೊತೆ ಊಟಕ್ಕೆ ಕೂರುತ್ತೀಯೆಂದು ಕೇಳಿದರೆ ಮಾತು ಬದಲಾಯಿಸುತ್ತಾಳೆ.

ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಮೊಬೈಲು ಕಸಿದಿಡಬೇಕೆಂಬುದು ಯಜಮಾನರ ಅಭಿಪ್ರಾಯ. ನನಗೆ ಧೈರ್ಯ ಸಾಲುತ್ತಿಲ್ಲ. ಸಾಮಾಜಿಕ ಜಾಲತಾಣ ಮಕ್ಕಳನ್ನು ಒಂಟಿ ಮಾಡುತ್ತದೆಯೋ, ಒಂಟಿಯಾದ ಮಕ್ಕಳು ಜಾಲತಾಣಕ್ಕೆ ಅಂಟಿಕೊಳ್ಳುತ್ತಾರೆಯೋ? ಬಲ್ಲವರು, ಈ ವಯಸ್ಸಿನ ಮಕ್ಕಳನ್ನು ಹತ್ತಿರದಿಂದ ಕಂಡವರು ದಯವಿಟ್ಟು ತಿಳಿಸಬೇಕು.

ಉತ್ತರ: ಮನಶ್ಶಾಸ್ತ್ರದ ಅಧ್ಯಾಪಕಿ, ಮೈಸೂರು

ತಾವು ಕೇಳಿರುವ ಪ್ರಶ್ನೆಯನ್ನು ಸಂಶೋಧಕರು ಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ಕೇಳುತ್ತ ಬಂದಿದ್ದಾರೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು 73 ಮನೆಗಳ 169 ಜನರಿಗೆ ಇಂಟರ್ನೆಟ್ ಸಂಪರ್ಕ ಬಂದ ಮೇಲೆ ಏನಾಗುತ್ತದೆಂದು ಗಮನಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಬಳಸಿದವರು ಮನೆಯವರೊಂದಿಗೆ ಮಾತು ಕಡಿಮೆ ಮಾಡಿದ್ದರು ಮತ್ತು ಅವರ ಒಂಟಿತನ ತುಸು ಹೆಚ್ಚಿತ್ತು. ಅದೇ ತಂಡ 2002ರಲ್ಲಿ ಮತ್ತೆ ಬರೆದಾಗ, ಮೊದಲು ಕಂಡ ಆ ಕೆಡುಕು ಬಹುಮಟ್ಟಿಗೆ ಕರಗಿಹೋಗಿತ್ತು. ಹೊಸದಾಗಿ ಅಧ್ಯಯನ ಮಾಡಿದ ಗುಂಪಿನಲ್ಲಾದರೋ, ಎಲ್ಲರೊಂದಿಗೆ ಬೆರೆಯುವ ಸ್ವಭಾವದವರಿಗೆ ಇಂಟರ್ನೆಟ್ಟಿನಿಂದ ಒಂಟಿತನ ಕಡಿಮೆಯಾಗಿತ್ತು, ಸಂಕೋಚದವರಿಗೆ ಹೆಚ್ಚಾಗಿತ್ತು. ಫೇಸ್‌ಬುಕ್ಕಾಗಲಿ ಇನ್‌ಸ್ಟಾಗ್ರಾಂ ಆಗಲಿ ಹುಟ್ಟುವ ಮೊದಲೇ ಕಂಡ ಈ ವ್ಯತ್ಯಾಸವನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ, ಏಕೆಂದರೆ ಇಂದಿಗೂ ಚರ್ಚೆ ಅಲ್ಲಿಯೇ ಸುತ್ತುತ್ತಿದೆ.

ಆ ಬಳಿಕ ಬಂದ ದೊಡ್ಡ ಲೆಕ್ಕಾಚಾರಗಳಲ್ಲಿ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್‌ಸ್ಕಿ 2019ರಲ್ಲಿ ಮಾಡಿದ್ದು ಹೆಚ್ಚು ಚರ್ಚೆಗೆ ಬಂತು. ಹದಿಹರೆಯದವರ ಮನಸ್ಸಿನ ನೆಮ್ಮದಿಯಲ್ಲಿ ಕಾಣುವ ಏರುಪೇರಿನ ಪೈಕಿ ಡಿಜಿಟಲ್ ಬಳಕೆಯಿಂದ ವಿವರಿಸಲು ಸಾಧ್ಯವಾದದ್ದು ಹೆಚ್ಚೆಂದರೆ ಶೇ. 0.4 ಎಂದು ಅವರು ಕಂಡುಕೊಂಡರು. ಇದನ್ನು ಓದಿ ಮೊಬೈಲಿನಿಂದ ಏನೂ ತೊಂದರೆಯಿಲ್ಲವೆಂದು ನೆಮ್ಮದಿಪಡುವುದು ಸರಿಯಲ್ಲ. ಸರಾಸರಿಯಲ್ಲಿ ಒಂದು ಮಗುವಿನ ಸುಖವೂ ಇನ್ನೊಂದರ ದುಃಖವೂ ಬೆರೆತು ಎರಡೂ ಕಾಣದಂತಾಗುತ್ತವೆ. ನೆದರ್‌ಲೆಂಡ್ಸ್‌ನ ಸಂಶೋಧಕರು 63 ಹದಿಹರೆಯದವರನ್ನು ಒಂದು ವಾರ ದಿನಕ್ಕೆ ಹಲವು ಬಾರಿ ವಿಚಾರಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇತರರ ಪೋಸ್ಟುಗಳನ್ನು ಸುಮ್ಮನೆ ನೋಡುತ್ತ ಹೋದಾಗ ಶೇ. 46ರಷ್ಟು ಮಕ್ಕಳಿಗೆ ಹಿತವೆನಿಸಿತ್ತು, ಶೇ. 44ರಷ್ಟು ಮಕ್ಕಳಿಗೆ ಯಾವ ಬದಲಾವಣೆಯೂ ಆಗಿರಲಿಲ್ಲ, ಶೇ. 10ರಷ್ಟು ಮಕ್ಕಳ ಮನಸ್ಸು ಕುಗ್ಗಿತ್ತು. ತಮ್ಮ ಮಗಳು ನೋಡಿದ ಮೇಲೆ ಸಪ್ಪಗಾಗುತ್ತಾಳೆಂದು ತಾವೇ ಗಮನಿಸಿದ್ದೀರಿ. ಯಾವ ಸರಾಸರಿಗಿಂತಲೂ ನಾನು ಆ ಗಮನಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಕಾರಣ ಯಾವುದು, ಪರಿಣಾಮ ಯಾವುದು ಎಂಬುದಕ್ಕೆ ನನ್ನ ಉತ್ತರ ಹೀಗಿದೆ. ತಾವು ಬರೆದಿರುವ ಕ್ರಮದಲ್ಲಿಯೇ ನೋಡಿದರೆ ಊರು ಬಿಟ್ಟದ್ದು ಮೊದಲು, ತರಗತಿಯಲ್ಲಿ ಜೊತೆ ಸಿಗದೇ ಹೋದದ್ದು ಆಮೇಲೆ, ಮೊಬೈಲು ಅದಕ್ಕೂ ಆಮೇಲೆ. ಒಂಟಿತನವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಷಿಕಾಗೊ ವಿಶ್ವವಿದ್ಯಾಲಯದ ಜಾನ್ ಕಾಸಿಯೊಪ್ಪೊ, ಅದು ಹಸಿವಿನಂತೆ ದೇಹ ಕೊಡುವ ಸೂಚನೆ ಎನ್ನುತ್ತಿದ್ದರು. ಹಸಿದವರು ಅನ್ನ ಹುಡುಕುವಂತೆ ಒಂಟಿಯಾದವರು ಜನರನ್ನು ಹುಡುಕಬೇಕು, ಸೂಚನೆ ಇರುವುದೇ ಅದಕ್ಕೆ. ಆದರೆ ಒಂಟಿತನ ಬಹಳ ದಿನ ಉಳಿದರೆ ಮನಸ್ಸು ಎಲ್ಲೆಡೆ ತಿರಸ್ಕಾರವನ್ನೇ ನಿರೀಕ್ಷಿಸತೊಡಗುತ್ತದೆ, ಎದುರಿಗಿರುವವರು ನಕ್ಕರೆ ತನ್ನನ್ನೇ ಆಡಿಕೊಂಡರೆಂದು ಭಾವಿಸುತ್ತದೆ, ಹೀಗಾಗಿ ಜನರಿಂದ ಇನ್ನಷ್ಟು ದೂರ ಸರಿಯುತ್ತದೆ. ಆಗ ಯಾರೂ ತಿರಸ್ಕರಿಸಲಾರದ, ಬರೀ ನೋಡುತ್ತಿದ್ದರೆ ಸಾಕಾಗುವ ಪರದೆ ಸುಲಭದ ಆಸರೆಯಾಗುತ್ತದೆ. ಸಂಜೆಯ ಹೊತ್ತನ್ನೆಲ್ಲ ಅದೇ ನುಂಗಿದ ಮೇಲೆ ಹೊಸ ಗೆಳೆತನ ಹುಟ್ಟಲು ಬೇಕಾದ ಸಮಯವೂ ಉಳಿಯುವುದಿಲ್ಲ. ಒಂಟಿತನ ಮೊಬೈಲಿನತ್ತ ತಳ್ಳುತ್ತದೆ, ಮೊಬೈಲು ಒಂಟಿತನವನ್ನು ಹೋಗಗೊಡುವುದಿಲ್ಲ.

ಆದ್ದರಿಂದ ಬರೀ ಕಸಿದುಕೊಂಡರೆ ಸಾಲದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 143 ವಿದ್ಯಾರ್ಥಿಗಳ ಪೈಕಿ ಒಂದು ಗುಂಪು ಮೂರು ವಾರಗಳ ಕಾಲ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ಸ್ನ್ಯಾಪ್‌ಚಾಟ್‌ಗಳನ್ನು ದಿನಕ್ಕೆ ತಲಾ ಹತ್ತು ನಿಮಿಷಕ್ಕೆ ಸೀಮಿತಗೊಳಿಸಿತು. ಅವರ ಒಂಟಿತನವೂ ಖಿನ್ನತೆಯ ಲಕ್ಷಣಗಳೂ ಕಡಿಮೆಯಾದವು. ಅವರು ಕಾಲೇಜಿನ ವಯಸ್ಸಿನವರು, ಒಪ್ಪಿ ಭಾಗವಹಿಸಿದವರು, ಮತ್ತು ಅವರು ಮಾಡಿದ್ದು ಮಿತಿಗೊಳಿಸುವುದನ್ನೇ ಹೊರತು ಪೂರ್ತಿ ಬಿಡುವುದನ್ನಲ್ಲ. ತಮ್ಮ ಮಗಳೊಂದಿಗೆ ಕೂತು, ಅವಳ ಒಪ್ಪಿಗೆಯಿಂದಲೇ ಒಂದು ಮಿತಿ ನಿಗದಿಮಾಡುವುದು ಇದಕ್ಕೆ ಹತ್ತಿರದ ದಾರಿ. ಯಾವ ವಾದಕ್ಕೂ ಕಾಯದೆ ಇಂದೇ ಮಾಡಬೇಕಾದದ್ದು ರಾತ್ರಿಯ ವಿಷಯ. ಹದಿಮೂರರಿಂದ ಹದಿನೆಂಟರವರೆಗಿನ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆಗಳ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಮಲಗುವ ಹೊತ್ತಿಗೆ ಮನೆಯ ಎಲ್ಲರ ಮೊಬೈಲುಗಳೂ ನಡುಮನೆಯಲ್ಲಿ ಚಾರ್ಜಿಗೆ ಬೀಳಲಿ, ತಮ್ಮದೂ ತಮ್ಮ ಯಜಮಾನರದೂ ಸೇರಿ.

ಉತ್ತರ: ಪ್ರೌಢಶಾಲಾ ಶಿಕ್ಷಕ, ಧಾರವಾಡ ಜಿಲ್ಲೆ

ಸಹೋದರಿ, ಅಧ್ಯಾಪಕಿಯವರು ಹೇಳಿದ್ದನ್ನು ಒಪ್ಪಿಕೊಂಡು, ತರಗತಿಯ ಒಳಗೆ ಕಾಣುವುದನ್ನಷ್ಟೇ ಸೇರಿಸುತ್ತೇನೆ. ಒಂಬತ್ತನೇ ತರಗತಿಗೆ ಹೊಸದಾಗಿ ಬಂದ ಮಗುವಿಗೆ ಬೆಂಚು ಸಿಗುತ್ತದೆ, ಜೊತೆ ಸಿಗುವುದು ಬಹಳ ಕಷ್ಟ. ಐದನೆಯ ಇಯತ್ತೆಯಿಂದ ಕೂಡಿ ಬೆಳೆದ ಗುಂಪುಗಳು ಆಗಲೇ ಗಟ್ಟಿಯಾಗಿರುತ್ತವೆ. ಮೊದಲಾದರೆ ಆ ಸಂಕಟ ಕೊನೆಯ ಗಂಟೆ ಹೊಡೆದೊಡನೆ ಮುಗಿಯುತ್ತಿತ್ತು, ಮಗು ಮನೆಗೆ ಹೋಗಿ ಓಣಿಯಲ್ಲಿ ಬೇರೆ ಗೆಳೆಯರೊಂದಿಗೆ ಆಡುತ್ತಿತ್ತು. ಈಗ ತರಗತಿ ಮನೆಗೂ ಹಿಂಬಾಲಿಸುತ್ತದೆ. ಮಕ್ಕಳು ವಾಟ್ಸ್‌ಆ್ಯಪ್‌ನಲ್ಲಿ ಇಡೀ ತರಗತಿಯ ಗುಂಪೊಂದನ್ನು ಮಾಡಿಕೊಂಡಿರುತ್ತಾರೆ, ಬೇಡವಾದವರನ್ನು ಬಿಟ್ಟು ಇನ್ನೊಂದು ಗುಂಪನ್ನೂ ಮಾಡಿಕೊಂಡಿರುತ್ತಾರೆ, ಮಾತುಕತೆಯೆಲ್ಲ ಎರಡನೆಯದರಲ್ಲಿ ನಡೆಯುತ್ತದೆ. ಬಿಟ್ಟುಹೋದ ಮಗುವಿಗೆ ಅದು ಮರುದಿನ ಊಟದ ಹೊತ್ತಿನಲ್ಲಿ, ತನಗೆ ಗೊತ್ತಿಲ್ಲದ ವಿಷಯಕ್ಕೆ ಎಲ್ಲರೂ ನಗುವಾಗ ತಿಳಿಯುತ್ತದೆ. ಸ್ನ್ಯಾಪ್‌ಚಾಟ್‌ನಲ್ಲಿ ಸ್ಟ್ರೀಕ್ ಎಂಬುದಿದೆ, ಇಬ್ಬರೂ ದಿನ ತಪ್ಪದೆ ಚಿತ್ರ ಕಳಿಸುತ್ತಿದ್ದರೆ ಮಾತ್ರ ಅದು ಉಳಿಯುತ್ತದೆ. ಜ್ವರ ಬಂದು ಮಲಗಿದ ಹುಡುಗನೊಬ್ಬ ಸ್ಟ್ರೀಕ್ ಕಡಿದುಹೋಗದಂತೆ ತನ್ನ ಪಾಸ್‌ವರ್ಡನ್ನು ತಂಗಿಗೆ ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಅದಕ್ಕೆ ಗೆಳೆತನವೆನ್ನಲು ನನಗೆ ಮನಸ್ಸಾಗುವುದಿಲ್ಲ, ಆ ಹುಡುಗನ ಮುಖದಲ್ಲಿದ್ದದ್ದು ಬರೀ ಭಯ.

ಈ ಮೊಬೈಲುಗಳನ್ನು ಮಕ್ಕಳ ಕೈಗೆ ಕೊಟ್ಟವರಲ್ಲಿ ಶಾಲೆಗಳೂ ಇವೆಯೆಂಬುದನ್ನು ಮರೆಯಬಾರದು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದ ಮೇಲೆ ಪಾಠವೂ ಮನೆಗೆಲಸವೂ ವಾಟ್ಸ್‌ಆ್ಯಪ್‌ಗೆ ಹೋದವು, ಪಾಠ ಶಾಲೆಗೆ ಮರಳಿದಾಗ ಮೊಬೈಲು ಮರಳಲಿಲ್ಲ. ಗ್ರಾಮೀಣ ಭಾರತದ ಕುರಿತ ಅಸರ್ ಎಂಬ ಶಿಕ್ಷಣ ಸಮೀಕ್ಷೆಯ 2024ರ ವರದಿಯ ಪ್ರಕಾರ 14ರಿಂದ 16 ವರ್ಷದವರಲ್ಲಿ ಶೇ. 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಸಮೀಕ್ಷೆಯ ಹಿಂದಿನ ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ. 76. ಹಳ್ಳಿಯ ಮಕ್ಕಳಿಗೆ ಈ ತೊಂದರೆ ಇಲ್ಲವೆನ್ನುವವರಿಗೆ ನಾನು ಈ ಅಂಕಿಗಳನ್ನು ತೋರಿಸುತ್ತೇನೆ.

ಇನ್ನೊಂದು ಮಾತನ್ನು ನೋವಿನಿಂದ ಹೇಳುತ್ತೇನೆ. ಒಂಬತ್ತು ಮತ್ತು ಹತ್ತನೇ ತರಗತಿಗಳಲ್ಲಿ ಆಟದ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಟ್ಟುಬಿಡುವ ರೂಢಿ ಎಷ್ಟೋ ಶಾಲೆಗಳಲ್ಲಿದೆ. ಸಂಜೆ ಟ್ಯೂಷನ್ ಇರುತ್ತದೆ. ಭಾಷೆ ಸರಿಯಾಗಿ ಬಾರದ ಮಗು ಕೂಡ ಮಾತಿಲ್ಲದೆ ಜೊತೆಗಾರರನ್ನು ಗಳಿಸಬಹುದಾದ ಜಾಗವೆಂದರೆ ಆಟದ ಬಯಲು, ಅದನ್ನು ನಾವೇ ಕಿತ್ತುಕೊಂಡು ಆಮೇಲೆ ಮೊಬೈಲನ್ನು ಬೈಯುತ್ತೇವೆ. ತಾವು ತರಗತಿ ಶಿಕ್ಷಕರನ್ನು ಭೇಟಿಮಾಡಿ, ಅಂಕಗಳ ಮಾತು ಬದಿಗಿಟ್ಟು, ಮಗಳು ಊಟದ ಬಿಡುವಿನಲ್ಲಿ ಎಲ್ಲಿ ಕೂರುತ್ತಾಳೆ, ಯಾರ ಜೊತೆ ಕೂರುತ್ತಾಳೆಂದು ನೋಡಿ ಹೇಳಲು ಕೇಳಿ. ಜೋಡಿಯಾಗಿ ಮಾಡುವ ಪ್ರಾಜೆಕ್ಟು, ಪ್ರತಿಭಾ ಕಾರಂಜಿಯ ಗುಂಪು ಹಾಡು, ಥ್ರೋಬಾಲ್ ತಂಡ, ಹೀಗೆ ಯಾವುದಾದರೂ ಕೆಲಸದ ನೆಪದಲ್ಲಿ ಸೌಮ್ಯ ಸ್ವಭಾವದ ಒಬ್ಬಿಬ್ಬರ ಜೊತೆ ಸೇರಿಸಲು ಶಿಕ್ಷಕರಿಗೆ ಸಾಧ್ಯವಿದೆ. ಆದರೆ ತರಗತಿಯ ಎದುರು ನಿಲ್ಲಿಸಿ ಇವಳನ್ನು ಗೆಳತಿ ಮಾಡಿಕೊಳ್ಳಿ ಎಂದು ಹೇಳದಂತೆ ಅವರನ್ನು ವಿನಂತಿಸಿಕೊಳ್ಳಿ. ಅದರಿಂದ ಮಗುವಿಗೆ ಆಗುವ ಅವಮಾನ ದೊಡ್ಡದು.

ಉತ್ತರ: ಇಬ್ಬರು ಮಕ್ಕಳ ತಂದೆ, ಮೆಲ್ಬರ್ನ್

ನಾನು ಮೂಲತಃ ಮಂಡ್ಯದವನು, ಆಸ್ಟ್ರೇಲಿಯಾದಲ್ಲಿ ನೆಲೆಸಿದ್ದೇನೆ. ಮೇಲಿನ ಇಬ್ಬರ ಮಾತಿನ ಬಗ್ಗೆ ಗೌರವವಿದ್ದೂ ಒಂದು ಭಿನ್ನಾಭಿಪ್ರಾಯವನ್ನು ಹೇಳಬೇಕಾಗಿದೆ. ಇಬ್ಬರ ಸಲಹೆಗಳಲ್ಲೂ ಭಾರವೆಲ್ಲ ಒಬ್ಬ ತಾಯಿಯ ಮತ್ತು ಒಬ್ಬ ಶಿಕ್ಷಕರ ಮೇಲೆ ಬೀಳುತ್ತದೆ. ಎದುರಿಗಿರುವುದು, ಮಗು ಕಣ್ಣು ತೆಗೆಯದಂತೆ ಮಾಡಲೆಂದೇ ನೂರಾರು ಎಂಜಿನಿಯರುಗಳನ್ನು ನೇಮಿಸಿಕೊಂಡ ಕಂಪನಿಗಳು. ಕೊನೆಯೇ ಇಲ್ಲದೆ ಉರುಳುತ್ತ ಹೋಗುವ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಮುಂದೆ ಅದಕ್ಕಾಗಿ ಬಹಿರಂಗವಾಗಿ ವಿಷಾದಪಟ್ಟರು. ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯಾಧಿಕಾರಿ, ಆಗಿದ್ದ, ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ ಅವರು 2023ರ ಮೇ ತಿಂಗಳಲ್ಲಿ ಒಂಟಿತನದ ಬಗ್ಗೆ ಒಂದು, ಮಕ್ಕಳ ಮೇಲೆ ಸಾಮಾಜಿಕ ಜಾಲತಾಣದ ಪರಿಣಾಮದ ಬಗ್ಗೆ ಇನ್ನೊಂದು ಸಲಹಾಪತ್ರ ಹೊರಡಿಸಿದರು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಕಾಲ ಜಾಲತಾಣದಲ್ಲಿರುವ ಹದಿಹರೆಯದವರಲ್ಲಿ ಖಿನ್ನತೆ ಮತ್ತು ಆತಂಕದ ಲಕ್ಷಣಗಳ ಅಪಾಯ ಇಮ್ಮಡಿ ಎಂದು ಎರಡನೆಯದರಲ್ಲಿದೆ. 2024ರ ಜೂನ್‌ನಲ್ಲಿ ಅವರು, ಸಿಗರೇಟಿನ ಪ್ಯಾಕಿನ ಮೇಲಿರುವ ರೀತಿಯ ಎಚ್ಚರಿಕೆ ಈ ತಾಣಗಳ ಮೇಲೂ ಇರಬೇಕೆಂದರು.

ಇಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್ ಮೊದಲಾದ ತಾಣಗಳಲ್ಲಿ ಖಾತೆ ಹೊಂದದಂತೆ ತಡೆಯುವುದು ಕಂಪನಿಗಳ ಹೊಣೆಯಾಗಿದೆ. ತಪ್ಪಿದರೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ ಬೀಳುವುದು ಕಂಪನಿಗೆ, ಮಗುವಿಗೂ ಪೋಷಕರಿಗೂ ಅಲ್ಲ. ವಾಟ್ಸ್‌ಆ್ಯಪ್‌ನಂತಹ ಸಂದೇಶ ಸೇವೆಗಳಿಗೆ ಇದು ಅನ್ವಯಿಸುವುದಿಲ್ಲ, ಆದ್ದರಿಂದ ಶಿಕ್ಷಕರು ಹೇಳಿದ ಎರಡನೇ ಗುಂಪಿನ ಕಾಟಕ್ಕೆ ಇದರಲ್ಲಿ ಪರಿಹಾರವಿಲ್ಲ. ವಯಸ್ಸಿನ ತಪಾಸಣೆಯನ್ನು ದಾಟಿಹೋಗುವ ಮಕ್ಕಳೂ ಇದ್ದಾರೆ. ಹಾಗಿದ್ದರೂ ನಾನು ಈ ಕಾನೂನನ್ನು ಬೆಂಬಲಿಸುವುದಕ್ಕೆ ಒಂದೇ ಕಾರಣವಿದೆ: ಒಂದು ಮನೆಯವರು ಮಾತ್ರ ಮೊಬೈಲು ಕಸಿದರೆ ಆ ಮನೆಯ ಮಗು ಒಂಟಿಯಾಗುತ್ತದೆ, ನಿಯಮ ಎಲ್ಲರಿಗೂ ಒಂದೇ ಆದರೆ ಯಾವ ಮಗುವೂ ಹೊರಗುಳಿದಂತಾಗುವುದಿಲ್ಲ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಬಯಸುತ್ತದೆ, ಮಕ್ಕಳ ನಡವಳಿಕೆಯ ಜಾಡು ಹಿಡಿದು ಜಾಹೀರಾತು ತೋರಿಸುವುದನ್ನು ನಿಷೇಧಿಸುತ್ತದೆ. ಅದರ ಜಾರಿಗಾಗಿ ಪೋಷಕರು ಒತ್ತಾಯಿಸಬೇಕು.

ಉತ್ತರ: ಪದವಿ ವಿದ್ಯಾರ್ಥಿನಿ, ಮಂಗಳೂರು

ಮೇಡಂ, ತಮ್ಮ ಮಗಳ ಸ್ಥಿತಿಯಲ್ಲಿ ನಾನೂ ಇದ್ದೆನೆಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ವಿಜಯಪುರದಿಂದ ಇಲ್ಲಿಗೆ ಬಂದಾಗ ನಾನು ಹತ್ತನೇ ತರಗತಿ. ಸಹಪಾಠಿಗಳು ತಮ್ಮೊಳಗೆ ತುಳುವಿನಲ್ಲಿ ಮಾತಾಡುತ್ತಿದ್ದರು, ನನ್ನ ಕನ್ನಡ ಕೇಳಿ ನಗುತ್ತಿದ್ದರು. ಅವರ ನಗುವಿನಲ್ಲಿ ಕೆಡುಕು ಇರಲಿಲ್ಲವೆಂದು ಈಗ ತಿಳಿಯುತ್ತದೆ, ಆಗ ತಿಳಿಯುತ್ತಿರಲಿಲ್ಲ. ಹಳೆಯ ಗೆಳತಿಯರ ಸ್ಟೋರಿಗಳನ್ನು ನೋಡುವುದೇ ನನ್ನ ಸಂಜೆಯಾಗಿತ್ತು.

ನೋಡಿದರೆ ನೋವಾಗುತ್ತದೆಂದು ಗೊತ್ತಿದ್ದರೂ ಏಕೆ ನೋಡುತ್ತೇವೆಂದು ದೊಡ್ಡವರು ಕೇಳುತ್ತಾರೆ. ನೋಡದಿದ್ದರೆ ಅವರ ಮಾತುಕತೆಯ ಎಳೆ ತಪ್ಪುತ್ತದೆ, ರಜೆಗೆ ಊರಿಗೆ ಹೋದಾಗ ಅಲ್ಲಿಯೂ ಹೊರಗಿನವಳಾಗಿಬಿಡುತ್ತೇನೆಂಬ ಹೆದರಿಕೆ ಇರುತ್ತದೆ. ನನ್ನ ಅಮ್ಮ ಮೊಬೈಲು ಕಸಿಯಲಿಲ್ಲ. ಭಾನುವಾರ ಬೆಳಗ್ಗೆ ನನ್ನ ಆಪ್ತ ಗೆಳತಿಗೆ ಕರೆ ಮಾಡಿಸಿ, ಅವಳ ತಾಯಿಯೊಂದಿಗೆ ತಾವೂ ಮಾತಾಡಿ, ದಸರಾ ರಜೆಗೆ ಅವಳನ್ನು ನಮ್ಮ ಮನೆಗೆ ಕರೆಸಿಕೊಂಡರು. ಒಬ್ಬಳೊಂದಿಗೆ ಮನಸ್ಸು ಬಿಚ್ಚಿ ಮಾತಾಡಲು ಸಾಧ್ಯವಾದ ಮೇಲೆ ಉಳಿದವರ ಸ್ಟೋರಿಗಳನ್ನು ನೋಡುವ ಆತುರ ತಾನಾಗಿ ತಗ್ಗಿತು. ಶಾಲೆಯಲ್ಲಿ ದೈಹಿಕ ಶಿಕ್ಷಕರು ನನ್ನನ್ನು ಥ್ರೋಬಾಲ್ ತಂಡಕ್ಕೆ ಸೇರಿಸಿದರು, ತುಳು ಅಲ್ಲಿಯೇ ಕಲಿತೆ.

ಎಲ್ಲಕ್ಕಿಂತ ಮುಖ್ಯವಾದ ಒಂದು ಎಚ್ಚರಿಕೆ ಇದೆ. ಒಂಟಿಯಾಗಿರುವ ಹುಡುಗಿಯರನ್ನು ಗುರುತಿಸಿ, ತಾಳ್ಮೆಯಿಂದ ಮಾತು ಕೇಳುವಂತೆ ನಟಿಸಿ, ನಿಧಾನವಾಗಿ ಫೋಟೊ ಕೇಳುವ ಅಪರಿಚಿತರು ಈ ತಾಣಗಳಲ್ಲಿದ್ದಾರೆ. ನನ್ನ ಗೆಳತಿಯೊಬ್ಬಳು ಅಂಥವನ ಬೆದರಿಕೆಗೆ ಸಿಕ್ಕಾಗ, ಮನೆಯವರು ಮೊಬೈಲು ಕಸಿದಾರೆಂಬ ಹೆದರಿಕೆಯಿಂದಲೇ ಬಹಳ ದಿನ ಯಾರಿಗೂ ಹೇಳಲಿಲ್ಲ. ಏನೇ ಆದರೂ ಮೊಬೈಲು ಕಸಿಯುವುದಿಲ್ಲ, ಬೈಯುವುದಿಲ್ಲ, ಮೊದಲು ನನಗೆ ಹೇಳು ಎಂದು ತಾವು ಮಗಳಿಗೆ ಈಗಲೇ ಮಾತು ಕೊಡಿ. ಮಕ್ಕಳ ಸಹಾಯವಾಣಿ 1098 ಎಂಬುದು ಅವಳಿಗೆ ಗೊತ್ತಿರಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಯಜಮಾನರಿಗೂ ಇದನ್ನೆಲ್ಲ ಓದಿ ಹೇಳಿದೆ, ಕಸಿಯುವ ವಿಚಾರವನ್ನು ಅವರು ಸದ್ಯಕ್ಕೆ ಕೈಬಿಟ್ಟಿದ್ದಾರೆ. ಹಾವೇರಿಯ ಗೆಳತಿಯೊಬ್ಬಳ ತಾಯಿಗೆ ನಾಳೆ ಫೋನು ಮಾಡುತ್ತೇನೆ. ನನ್ನಲ್ಲಿ ಉಳಿದಿರುವ ಹೆದರಿಕೆ ಒಂದೇ. ಇದು ಹೊಸ ಊರಿಗೆ ಹೊಂದಿಕೊಳ್ಳುವ ಕಷ್ಟವೋ, ವೈದ್ಯರಿಗೆ ತೋರಿಸಬೇಕಾದ ಸಮಸ್ಯೆಯೋ ಎಂದು ಹೇಗೆ ತಿಳಿಯುವುದು?

ಉತ್ತರ: ಮನಶ್ಶಾಸ್ತ್ರದ ಅಧ್ಯಾಪಕಿ, ಮೈಸೂರು

ಮೊದಲಿಗೆ, ಸಾಮಾಜಿಕ ಜಾಲತಾಣದ ಅತಿಬಳಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಪ್ರತ್ಯೇಕ ಕಾಯಿಲೆಯೆಂದು ಹೆಸರಿಸಿಲ್ಲ. 2022ರಿಂದ ಜಾರಿಯಲ್ಲಿರುವ ಪಟ್ಟಿಯಲ್ಲಿ ಗೇಮಿಂಗ್ ವ್ಯಸನಕ್ಕೆ ಮಾತ್ರ ಜಾಗ ಸಿಕ್ಕಿದೆ. ಹಾಗಾಗಿ ಮಗಳಿಗೆ ಅಡಿಕ್ಷನ್ ಎಂಬ ಹಣೆಪಟ್ಟಿಯನ್ನು ಮನೆಯಲ್ಲಿ ಯಾರೂ ಅಂಟಿಸಬಾರದು. ತಾವು ಗಮನಿಸಬೇಕಾದದ್ದು ಗಂಟೆಗಳ ಲೆಕ್ಕಕ್ಕಿಂತ ಅವಳ ದಿನಚರಿಯನ್ನು. ನಿದ್ದೆ ಮತ್ತು ಊಟ ವಾರಗಟ್ಟಲೆ ಕೆಟ್ಟಿದ್ದರೆ, ಮೊದಲು ಇಷ್ಟವಾಗಿದ್ದ ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ, ಶಾಲೆಗೆ ಹೋಗುವ ದಿನಗಳಲ್ಲಿಯೇ ಹೊಟ್ಟೆನೋವು ತಲೆನೋವು ಬರುತ್ತಿದ್ದರೆ, ಹಳೆಯ ಗೆಳತಿಯ ಕರೆಯನ್ನೂ ಬೇಡವೆನ್ನತೊಡಗಿದರೆ ತಜ್ಞರನ್ನು ಕಾಣಬೇಕು. ತಾನಿದ್ದು ಏನು ಪ್ರಯೋಜನವೆಂಬ ಅರ್ಥದ ಒಂದು ಮಾತು ಬಂದರೂ ಅದನ್ನು ವಯಸ್ಸಿನ ಸಿಟ್ಟೆಂದು ತಳ್ಳಿಹಾಕದೆ ಅಂದೇ ನೆರವು ಪಡೆಯಿರಿ. ಅಂಥ ವಿಚಾರ ಬರುತ್ತದೆಯೇ ಎಂದು ನೇರವಾಗಿ ಕೇಳಿದರೆ ಮಗುವಿನ ತಲೆಯಲ್ಲಿ ಇಲ್ಲದ್ದನ್ನು ತುಂಬಿದಂತಾಗುತ್ತದೆಂಬ ನಂಬಿಕೆ ತಪ್ಪು.

ತಾವು ಬೆಂಗಳೂರಿನಲ್ಲಿಯೇ ಇರುವುದರಿಂದ, ನಿಮ್ಹಾನ್ಸ್‌ನಲ್ಲಿ 2014ರಿಂದ ನಡೆಯುತ್ತಿರುವ ಶಟ್ ಕ್ಲಿನಿಕ್ ಹತ್ತಿರದಲ್ಲಿದೆ. ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೊಳಗಾದವರಿಗೆಂದೇ ಅದನ್ನು ಆರಂಭಿಸಲಾಗಿದೆ. ಹೊರಡುವ ಮೊದಲು ಮಾತಾಡಬೇಕೆನಿಸಿದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡುತ್ತಾರೆ. ಮಗಳನ್ನು ಕರೆದೊಯ್ಯುವಾಗ ನಿನ್ನ ಮೊಬೈಲು ಬಿಡಿಸಲು ಹೋಗುತ್ತಿದ್ದೇವೆ ಎನ್ನಬೇಡಿ. ಈ ಊರಿಗೆ ಬಂದ ಮೇಲೆ ನಿನಗೆ ಕಷ್ಟವಾಗಿದೆ, ಅದನ್ನು ಕೇಳಬಲ್ಲವರ ಹತ್ತಿರ ಹೋಗೋಣ ಎಂದು ಹೇಳಿ. ಅವಳಿಗೆ ಇಂಗ್ಲಿಷ್ ಮಾತಾಡುವ ಅಳುಕು ಇದೆಯೇ ಎಂಬುದನ್ನೂ ಅಲ್ಲಿ ತಿಳಿಸಿ. ತಮ್ಮ ಮೊದಲ ಬರಹದಲ್ಲಿ ಮಾಧ್ಯಮ ಬದಲಾದದ್ದು ಒಂದೇ ಸಾಲಿನಲ್ಲಿ ಬಂದು ಹೋಗಿದೆ, ಅವಳ ಮೌನಕ್ಕೆ ಅದು ದೊಡ್ಡ ಕಾರಣವಾಗಿರಬಹುದು, ತರಗತಿ ಶಿಕ್ಷಕರ ಜೊತೆಗೂ ಮೊದಲು ಅದನ್ನೇ ಮಾತಾಡಿ.